ಅಂಗನವಾಡಿಯಲ್ಲಿ ಬರೀ ಆಟ: ಮಗು ಹಿಂದೆ ಬೀಳುತ್ತದೆಯೇ?

ಪ್ರಶ್ನೆ: ನಮ್ಮ ಮಗಳಿಗೆ ನಾಲ್ಕೂವರೆ ವರ್ಷ. ಊರಿನ ಅಂಗನವಾಡಿಗೆ ಹೋಗುತ್ತಾಳೆ. ಮನೆಮಾತು ತೆಲುಗು. ಪಕ್ಕದ ಮನೆಯ ಅದೇ ವಯಸ್ಸಿನ ಹುಡುಗ ಖಾಸಗಿ ಶಾಲೆಯ ಎಲ್‌ಕೆಜಿಯಲ್ಲಿ ನೂರರವರೆಗೆ ಬರೆಯುತ್ತಾನೆ. ನಮ್ಮವಳು ಮನೆಗೆ ಬಂದರೆ ಬೊಂಬೆಗೆ ಅಡುಗೆ ಮಾಡಿ ಬಡಿಸುತ್ತಾ ಕೂರುತ್ತಾಳೆ. ಆಟ ಬಿಡಿಸಿ ಬರೆಯಲು ಕೂರಿಸುವುದು ಒಳ್ಳೆಯದಲ್ಲವೇ?
– ಓದುಗರೊಬ್ಬರು, ಚಿಂತಾಮಣಿ ತಾಲ್ಲೂಕು

ಉತ್ತರ: ಆಟ ಬಿಡಿಸಬೇಡಿ. ನೂರರವರೆಗೆ ಅಂಕಿ ಬರೆದ ಮಾತ್ರಕ್ಕೆ ಮಗುವಿಗೆ ಎಣಿಕೆ ತಿಳಿದಿದೆ ಎನ್ನಲಾಗದು. ಒಂದು ಹಿಡಿ ಹುಣಸೆ ಬೀಜ ಮುಂದಿಟ್ಟು ‘ಏಳು ಕೊಡು’ ಎಂದಾಗ ಏಳಕ್ಕೆ ಕೈ ನಿಲ್ಲಿಸುವ ಮಗುವಿಗೆ ಸಂಖ್ಯೆಯ ಅರ್ಥ ದಕ್ಕಿದೆ. ಬರೀ ಬಾಯಿಪಾಠ ಮಾಡಿದ ಮಗು ಇದ್ದಷ್ಟನ್ನೂ ಎತ್ತಿ ಕೊಟ್ಟುಬಿಡುವುದುಂಟು. ಅಜ್ಜಿಯ ಜೊತೆ ಅಳಗುಳಿಮಣೆಗೆ ಕೂತು 14 ಗುಳಿಗಳಿಗೆ ಒಂದೊಂದೇ ಬೀಜ ಹಾಕುತ್ತಾ ಹೋಗುವಾಗ ಕೈ, ಕಣ್ಣು, ಎಣಿಕೆ ಮೂರೂ ಒಟ್ಟಿಗೆ ಸಾಗಬೇಕಾಗುವುದರಿಂದ ಆ ಅರ್ಥ ಅಲ್ಲಿ ಬೇಗ ಕೈಗೂಡುತ್ತದೆ.

ಬರೆಯಲು ದೇಹವೂ ಸಿದ್ಧವಾಗಬೇಕು. ಮಣಿಕಟ್ಟಿನ ಎಂಟು ಪುಟ್ಟ ಮೂಳೆಗಳು ಹುಟ್ಟುವಾಗ ಮೃದ್ವಸ್ಥಿಯಾಗಿದ್ದು, ಮುಂದಿನ ವರ್ಷಗಳಲ್ಲಿ ಒಂದೊಂದಾಗಿ ಗಟ್ಟಿಯಾಗುತ್ತವೆ. ನಾಲ್ಕೂವರೆ ವರ್ಷಕ್ಕೆ ಆ ಕೆಲಸ ಮುಗಿದಿರುವುದಿಲ್ಲ. ಮಣ್ಣು ನಾದುವುದು, ಅವರೆಕಾಯಿ ಸುಲಿಯುವುದು, ಹೂ ಪೋಣಿಸುವುದು ಇವೆಲ್ಲ ಬೆರಳುಗಳನ್ನು ಪೆನ್ಸಿಲ್‌ಗೆ ಅಣಿಗೊಳಿಸುತ್ತವೆ.

ಇನ್ನು ನೀವು ಚಿಂತೆಯಿಂದ ಹೇಳಿರುವ ಆ ಅಡುಗೆ ಆಟ. ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಸಮಾಧಾನ ಕೊಟ್ಟದ್ದೇ ಅದು. ಹೊಂಗೆ ಎಲೆಯನ್ನು ತಟ್ಟೆಯೆಂದೂ ಮರಳನ್ನು ಅನ್ನವೆಂದೂ ಭಾವಿಸಬಲ್ಲ ಮಗು, ಒಂದು ವಸ್ತು ಇನ್ನೊಂದರ ಪರವಾಗಿ ನಿಲ್ಲಬಲ್ಲದು ಎಂಬುದನ್ನು ಆಗಲೇ ಅರಿತಿದೆ. ಗೀಚಿದ ಗೆರೆಯೊಂದು ‘ಅ’ ಎಂಬ ಧ್ವನಿಯ ಪರವಾಗಿ ನಿಲ್ಲುತ್ತದೆಂದು ಮುಂದೆ ಒಪ್ಪಿಕೊಳ್ಳಲು ಬೇಕಾಗುವುದೂ ಇದೇ ಅರಿವು. ರಷ್ಯಾದ ಮನೋವಿಜ್ಞಾನಿ ಲೆವ್ ವೈಗಾಟ್‌ಸ್ಕಿ 1933ರ ಉಪನ್ಯಾಸವೊಂದರಲ್ಲಿ ಆಟದ ಇನ್ನೊಂದು ಮುಖವನ್ನು ವಿವರಿಸಿದ್ದರು: ಪಾತ್ರ ವಹಿಸಿದ ಮಗು ಆ ಪಾತ್ರದ ನಿಯಮಕ್ಕೆ ತಾನೇ ಒಳಪಡುತ್ತದೆ. ಬಡಿಸುವವಳಾದ ನಿಮ್ಮ ಮಗಳು ತಾನೇ ಮೊದಲು ತಿನ್ನುವಂತಿಲ್ಲ, ಎಲ್ಲರ ಸರದಿ ಕಾಯಬೇಕು. ಹೊರಗಿನ ಗದರಿಕೆಯಿಂದ ಬಾರದ ಈ ತಡೆದುಕೊಳ್ಳುವ ಶಕ್ತಿ ತರಗತಿಯಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ.

ಮನೆಮಾತು ತೆಲುಗಾಗಿರುವುದರಿಂದ ಆಟದ ಬೆಲೆ ಇನ್ನೂ ಹೆಚ್ಚು. ಅಂಗನವಾಡಿಯ ಗೆಳತಿಯೊಡನೆ ಸಾರು ಬಡಿಸುತ್ತಾ, ಜಗಳವಾಡುತ್ತಾ, ರಾಜಿಯಾಗುತ್ತಾ ಅವಳಿಗೆ ಒಲಿಯುವ ಕನ್ನಡ ಪಟ್ಟಿ ಮಾಡಿ ಕಲಿಸಿದ ಪದಗಳಿಗಿಂತ ಗಟ್ಟಿಯಾಗಿ ಉಳಿಯುತ್ತದೆ. ಮನೆಯ ಆಟದಲ್ಲಿ ಮಾತ್ರ ತೆಲುಗನ್ನು ತಡೆಯಬೇಡಿ. ಮನೆಮಾತು ಗಟ್ಟಿಯಾದಷ್ಟೂ ಎರಡನೆಯ ಭಾಷೆಗೆ ಆಸರೆ ಹೆಚ್ಚು.

ಹೀಗೆಂದು ಅಂಗನವಾಡಿಯಲ್ಲಿ ನಡೆಯುವುದೆಲ್ಲ ಆಟವೆಂದು ನಾನು ಹೇಳಲಾರೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗಿನ ಹಂತಕ್ಕೆ ಆಟ ಆಧಾರಿತ ಕಲಿಕೆಯನ್ನು ವಿಧಿಸಿದೆ ನಿಜ. ಆದರೆ ದಾಖಲೆ ಪುಸ್ತಕ ಮತ್ತು ಆಹಾರ ವಿತರಣೆಯ ನಡುವೆ ಕಾರ್ಯಕರ್ತೆಗೆ ಬಿಡುವೇ ಸಿಗದಿದ್ದರೆ ಮಕ್ಕಳು ಸುಮ್ಮನೆ ಕೂತಿರುತ್ತಾರೆ. ಒಂದು ದಿನ ಅರ್ಧ ಗಂಟೆ ಅಲ್ಲೇ ಇದ್ದು ನೋಡಿ. ಆಟಿಕೆಗಳು ಮಕ್ಕಳ ಕೈಯಲ್ಲಿವೆಯೋ ಬೀರುವಿನಲ್ಲಿ ಭದ್ರವಾಗಿವೆಯೋ? ಆಡುವಾಗ ಮಕ್ಕಳು ಮಾತನಾಡುತ್ತಾರೋ, ‘ಶ್’ ಎನಿಸಿಕೊಳ್ಳುತ್ತಾರೋ? ಕೊರತೆ ಕಂಡರೆ ಬಾಲವಿಕಾಸ ಸಮಿತಿಯ ಸಭೆಯಲ್ಲಿ ಪ್ರಸ್ತಾಪಿಸಿ, ಕಾರ್ಯಕರ್ತೆಯ ಮೇಲೆ ಹರಿಹಾಯಬೇಡಿ.

ಮನೆಯಲ್ಲಿ ಸಂಜೆ ಸ್ವಲ್ಪ ಹೊತ್ತು ಅವಳ ಆಟಕ್ಕೆ ನೆಂಟರಾಗಿ ಹೋಗಿ. ‘ಎಷ್ಟು ಇಡ್ಲಿ ಇದೆ, ಎಣಿಸು’ ಎಂದರೆ ಅದು ಪರೀಕ್ಷೆಯಾಗಿ ಆಟ ಅಲ್ಲಿಗೆ ನಿಲ್ಲುತ್ತದೆ. ‘ನಾಲ್ಕು ಜನ ಬಂದಿದ್ದೀವಿ, ಎಲೆ ಮೂರೇ ಇದೆಯಲ್ಲಮ್ಮಾ’ ಎಂದು ನೋಡಿ. ಲೆಕ್ಕವನ್ನು ಅವಳೇ ಮಾಡುತ್ತಾಳೆ.

ಪ್ರಶ್ನೆ: ಮೂರು ವರ್ಷದ ಮಗ ಮೊಬೈಲ್‌ನಲ್ಲಿ ಬಣ್ಣ, ಅಕ್ಷರಗಳ ಗೇಮ್ ಆಡುತ್ತಾನೆ. ಇದೂ ಆಟವೇ ಅಲ್ಲವೇ?
– ಓದುಗರೊಬ್ಬರು, ತಿಪಟೂರು

ಉತ್ತರ: ಅಲ್ಪಸ್ವಲ್ಪ ಆಟವೇ, ಆದರೆ ನಿಯಮವನ್ನೆಲ್ಲ ಯಂತ್ರವೇ ಮೊದಲೇ ತೀರ್ಮಾನಿಸಿರುವುದರಿಂದ ಮಗು ಹೊಸದಾಗಿ ಕಟ್ಟುವಂಥದ್ದು ಅಲ್ಲಿ ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯಂತೆ ಮೂರು–ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಸಲ್ಲದು, ಕಡಿಮೆಯಾದಷ್ಟೂ ಒಳ್ಳೆಯದು. ಮೈ ಆಡಿಸುವ ಚಟುವಟಿಕೆ ಮಾತ್ರ ಕನಿಷ್ಠ 180 ನಿಮಿಷ ಇರಬೇಕು, ಅದರಲ್ಲಿ 60 ನಿಮಿಷವಾದರೂ ಓಟ, ಜಿಗಿತದಂಥ ಬಿರುಸಿನದು. ತಿಪಟೂರಿನಲ್ಲಿ ಕರಟಕ್ಕೂ ತೆಂಗಿನ ಗರಿಗೂ ಬರವಿಲ್ಲ. ಎರಡು ಅಳತೆಯ ಕರಟ, ಒಂದು ಬಕೆಟ್ ನೀರು, ಗರಿಯ ಪೀಪಿ ಕೊಟ್ಟು ನೋಡಿ. ಕರಟದ ಅಂಚನ್ನು ಕಲ್ಲಿಗೆ ಉಜ್ಜಿ ನುಣುಪು ಮಾಡಿ ಕೊಡಿ, ಬಕೆಟ್ ಬಳಿ ದೊಡ್ಡವರೊಬ್ಬರು ಕೂತಿರಿ. ಈ ವಯಸ್ಸಿನ ಮಕ್ಕಳು ಬಾಯಿಗೆ ಹಾಕಿಕೊಳ್ಳುವುದರಿಂದ ಹುಣಸೆ ಬೀಜದಂಥ ಸಣ್ಣ ವಸ್ತುಗಳನ್ನು ಸದ್ಯಕ್ಕೆ ದೂರವಿಡಿ.