ಸೋಫಾದಿಂದ ಸೋಫಾಗೆ ಅಲೆಯುವ ಹುಡುಗನಿಗೆ ಏನು ಮಾಡಬಹುದು?

ತಮ್ಮಾ, ನಿನ್ನ ಪ್ರಶ್ನೆ ಓದಿದೆ. ಇಂಗ್ಲೆಂಡಿಗೆ ಓದಲು ಬಂದು ಇನ್ನೂ ಹೊಸತು. ಪಾರ್ಟ್‌ಟೈಮ್ ಕೆಲಸದಲ್ಲಿ ಜೊತೆಗಿರುವ ಹದಿನೆಂಟರ ಹುಡುಗನನ್ನು ಮನೆಯವರು ಹೊರಗೆ ಹಾಕಿದ್ದಾರೆ, ಅವನು ಇವತ್ತು ಒಬ್ಬ ಗೆಳೆಯನ ಸೋಫಾ, ನಾಳೆ ಇನ್ನೊಬ್ಬನ ಸೋಫಾ ಅಂತ ಮಲಗುತ್ತಿದ್ದಾನೆ, ನನ್ನ ರೂಮಿನಲ್ಲೇ ಇಟ್ಟುಕೊಳ್ಳಲಾ ಅಕ್ಕಾ ಅಂತ ಕೇಳಿದ್ದೀಯ. ಇಷ್ಟು ದುಡ್ಡಿರುವ ದೇಶದಲ್ಲೂ ಹೀಗಿರುತ್ತದಾ ಅಂತಲೂ ಕೇಳಿದ್ದೀಯ. ಇರುತ್ತದೆ. ಇಂಥ ಹುಡುಗ ಹುಡುಗಿಯರಿರುವ ಹಾಸ್ಟೆಲಿನಲ್ಲೇ ನಾನು ಸಪೋರ್ಟ್ ವರ್ಕರ್. ಈ ವಯಸ್ಸಿನವರು ಬೀದಿಯಲ್ಲಿ ಕಣ್ಣಿಗೆ ಬೀಳುವುದು ಕಡಿಮೆ, ಹೀಗೆ ಅವರಿವರ ಮನೆಯಲ್ಲಿ ರಾತ್ರಿ ಕಳೆಯುವವರೇ ಜಾಸ್ತಿ.

ಮೊದಲು ರೂಮಿನ ವಿಷಯ. ಒಂದೆರಡು ರಾತ್ರಿ ಗೆಳೆಯ ಬಂದು ಮಲಗಿದರೆ ಯಾರೂ ಏನೂ ಅನ್ನುವುದಿಲ್ಲ. ಅಲ್ಲೇ ಇರಲು ಶುರು ಮಾಡಿದರೆ ಕಷ್ಟ. ನಿನ್ನ ಬಾಡಿಗೆ ಅಗ್ರಿಮೆಂಟ್ ಒಮ್ಮೆ ತೆಗೆದು ನೋಡು, ಇನ್ನೊಬ್ಬರನ್ನು ಇರಿಸಿಕೊಳ್ಳಬಾರದು ಅಂತ ಇರುವ ಸಾಧ್ಯತೆಯೇ ಹೆಚ್ಚು. ಇನ್ನೊಂದು, ಬರೀ ಫುಲ್‌ಟೈಮ್ ವಿದ್ಯಾರ್ಥಿಗಳಿರುವ ಮನೆಗೆ ಕೌನ್ಸಿಲ್ ಟ್ಯಾಕ್ಸ್, ಅಂದರೆ ಊರಿನ ಆಡಳಿತ ನೋಡುವ ಕೌನ್ಸಿಲ್ ಹಾಕುವ ತೆರಿಗೆ, ಇಲ್ಲ. ವಿದ್ಯಾರ್ಥಿಯಲ್ಲದವನು ಅಲ್ಲೇ ವಾಸ ಅಂತಾದರೆ ಬಿಲ್ ಬರಬಹುದು. ಇದರಿಂದ ನಿನ್ನ ಮನೆಗೇ ಕುತ್ತು ಬಂದರೆ ಯಾರ ಹತ್ತಿರ ಹೋಗುತ್ತೀಯ? ನಿನ್ನ ವೀಸಾದಲ್ಲಿ ‘ನೋ ರಿಕೋರ್ಸ್ ಟು ಪಬ್ಲಿಕ್ ಫಂಡ್ಸ್’ ಅಂತಿದೆ. ಅಂದರೆ ಸರ್ಕಾರದ ವಸತಿ ನೆರವು ನಿನಗಿಲ್ಲ. ಅವನು ಇಲ್ಲಿಯ ಪ್ರಜೆ, ಅವನಿಗಿದೆ. ಅದನ್ನು ಅವನು ಕೇಳಿ ಪಡೆಯಬೇಕು, ನೀನು ಜೊತೆಗೆ ಹೋಗಬೇಕು.

ಹೋಗಬೇಕಾದದ್ದು ಕೌನ್ಸಿಲ್‌ನ ಹೌಸಿಂಗ್ ವಿಭಾಗಕ್ಕೆ. ಹೋಮ್‌ಲೆಸ್‌ನೆಸ್ ರಿಡಕ್ಷನ್ ಆ್ಯಕ್ಟ್ 2017 ಅಂತ ಕಾನೂನಿದೆ, 2018ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. 56 ದಿನದೊಳಗೆ ಮನೆ ಹೋಗುವ ಹಾಗಿದ್ದರೆ ಅದನ್ನು ತಪ್ಪಿಸಲು, ಆಗಲೇ ಹೋಗಿದ್ದರೆ ಬೇರೆ ಹುಡುಕಲು ಕೌನ್ಸಿಲ್ ಸಹಾಯ ಮಾಡಲೇಬೇಕು. ಸೋಫಾ ಮೇಲೆ ಮಲಗುವವನೂ ಕಾನೂನಿನ ಲೆಕ್ಕದಲ್ಲಿ ಮನೆಯಿಲ್ಲದವನೇ. ಆದರೆ ಸಹಾಯ ಮಾಡುವುದು ಬೇರೆ, ಅವತ್ತು ರಾತ್ರಿಗೇ ರೂಮ್ ಕೊಡುವುದು ಬೇರೆ. ತುರ್ತಾಗಿ ರೂಮ್ ಸಿಗುವುದು ‘ಪ್ರಯಾರಿಟಿ ನೀಡ್’ ಇದೆ ಅಂತ ಅವರಿಗೆ ಅನಿಸಿದವರಿಗೆ ಮಾತ್ರ. ಗರ್ಭಿಣಿಯರು, 16–17ರ ಮಕ್ಕಳು, ಹೆತ್ತವರ ಬದಲು ಸರ್ಕಾರದ ಆರೈಕೆಯಲ್ಲಿ (ಫಾಸ್ಟರ್ ಕೇರ್‌ನಂಥ ಕಡೆ) ಬೆಳೆದು 21 ತುಂಬದವರು, ಕಾಯಿಲೆಯಿಂದಲೋ ಮಾನಸಿಕ ತೊಂದರೆಯಿಂದಲೋ ಬೇರೆಯವರಿಗಿಂತ ಜಾಸ್ತಿ ಅಪಾಯದಲ್ಲಿರುವವರು, ಹೀಗೆ. ಇವನಿಗೆ ಹದಿನೇಳಾಗಿದ್ದರೆ ಮಕ್ಕಳ ರಕ್ಷಣೆ ನೋಡುವ ಚಿಲ್ಡ್ರನ್ಸ್ ಸರ್ವಿಸಸ್‌ನವರೇ ನೋಡಿಕೊಳ್ಳಬೇಕಿತ್ತು. ಒಂದು ಹುಟ್ಟುಹಬ್ಬಕ್ಕೆ ಇಷ್ಟು ವ್ಯತ್ಯಾಸ!

ಹಾಗಾಗಿ ಹೋಗುವ ಮೊದಲೇ ಕೂತು ಮಾತಾಡಿ. ಚಿಕ್ಕವನಿದ್ದಾಗ ಕೇರ್‌ನಲ್ಲಿ ಇದ್ದನಾ? ಮಾತ್ರೆ ತೆಗೆದುಕೊಳ್ಳುತ್ತಾನಾ? ಮನೆಯಲ್ಲಿ ಹೊಡೆಯುತ್ತಿದ್ದರಾ? ಕೌಂಟರ್ ಮುಂದೆ ಈ ಹುಡುಗರು ಬಾಯಿ ಬಿಡುವುದೇ ಇಲ್ಲ. ಅದಕ್ಕಿಂತ ದೊಡ್ಡ ತೊಂದರೆ, ನಾಚಿಕೆಗೆ ‘ನಾನೇ ಮನೆ ಬಿಟ್ಟು ಬಂದೆ’ ಅಂದುಬಿಡುತ್ತಾರೆ. ಹೊರಗೆ ಹಾಕಿದ್ದು ನಿಜವಾದರೆ ಹಾಗೇ ಹೇಳಲಿ. ಬೇಕಂತಲೇ ಮನೆ ಕಳೆದುಕೊಂಡವನು ಅಂತ ಫೈಲಿನಲ್ಲಿ ಸೇರಿದರೆ ಮುಂದೆ ಸಿಗುವುದೂ ತಪ್ಪುತ್ತದೆ. ‘ಮನೆಗೆ ಹೋಗಿ ರಾಜಿಯಾಗು’ ಅಂತ ಸುಮ್ನೆ ವಾಪಸ್ ಕಳಿಸಲು ನೋಡಿದರೆ, ನಿಮ್ಮ ತೀರ್ಮಾನ ಬರವಣಿಗೆಯಲ್ಲಿ ಕೊಡಿ ಅಂತ ಕೇಳಿ. ಜಗಳ ಬೇಡ, ಅಷ್ಟು ಕೇಳಿದರೆ ಸಾಕು.

ಆ ರಾತ್ರಿಗೆ ದಾರಿ ಇಲ್ಲದಿದ್ದರೆ ನೈಟ್‌ಸ್ಟಾಪ್ ಅಂತ ಇದೆ. ತರಬೇತಿ ಪಡೆದ ಸ್ವಯಂಸೇವಕರು ತಮ್ಮ ಮನೆಯ ಖಾಲಿ ರೂಮನ್ನು 16ರಿಂದ 25ರವರಿಗೆ ಕೊಡುತ್ತಾರೆ. ಎಲ್ಲ ಊರಿನಲ್ಲೂ ಇಲ್ಲ. 1969ರಲ್ಲಿ ಲಂಡನ್ನಿನ ಸೋಹೋದಲ್ಲಿ ಶುರುವಾದ ಸೇವಾ ಸಂಸ್ಥೆ ಸೆಂಟರ್‌ಪಾಯಿಂಟ್‌ನವರಿಗೂ ಇದೇ ವಯಸ್ಸಿನವರಿಗಾಗಿ ಹೆಲ್ಪ್‌ಲೈನ್ ಇದೆ.

ಸರಿ, ರೂಮ್ ಸಿಕ್ಕಿತು ಅಂದುಕೋ. ನನ್ನ ಕೆಲಸದಲ್ಲಿ ಹೆಚ್ಚು ಸಮಯ ಹೋಗುವುದು ಅದಾದ ಮೇಲೆಯೇ. ಕೀ ಕೈಗೆ ಬಂದ ದಿನ ಎಲ್ಲರೂ ಚಪ್ಪಾಳೆ ತಟ್ಟಿ ಹೊರಟುಹೋಗುತ್ತಾರೆ. ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ಭತ್ಯೆ ಯೂನಿವರ್ಸಲ್ ಕ್ರೆಡಿಟ್‌ಗೆ ಅರ್ಜಿ ಹಾಕಿದರೆ ಮೊದಲ ದುಡ್ಡು ಬರಲು ಸುಮಾರು ಐದು ವಾರ. ಅಡ್ವಾನ್ಸ್ ಕೊಡುತ್ತಾರೆ, ಆದರೆ ಅದು ಸಾಲ, ಮುಂದಿನ ತಿಂಗಳುಗಳಲ್ಲಿ ಮುರಿದುಕೊಳ್ಳುತ್ತಾರೆ. ಬಾಡಿಗೆ ಬಾಕಿ ಶುರುವಾಗುವುದು ಇಲ್ಲೇ. 25 ಆಗದ ಒಂಟಿ ಹುಡುಗರಿಗೆ ಭತ್ಯೆಯೂ ಕಡಿಮೆ. ಪ್ರೈವೇಟ್ ಬಾಡಿಗೆ ಮನೆಯಾದರೆ, ಕೆಲವರನ್ನು ಬಿಟ್ಟು, 35 ಆಗುವವರೆಗೆ ಹಂಚಿಕೊಂಡ ಮನೆಯ ಒಂದು ರೂಮಿನ ಲೆಕ್ಕದಲ್ಲೇ ಬಾಡಿಗೆ ನೆರವು. ಹಾಸ್ಟೆಲಿನದು ಇನ್ನೊಂದು ಗೋಳು. ಅಲ್ಲಿ ಬಾಡಿಗೆ ಜಾಸ್ತಿ, ಅದನ್ನು ತುಂಬುವುದು ಹೌಸಿಂಗ್ ಬೆನಿಫಿಟ್ ಅನ್ನುವ ಬಾಡಿಗೆ ಭತ್ಯೆ. ಸಂಬಳ ಏರಿದ ಹಾಗೆ ಅದು ಇಳಿಯುತ್ತದೆ. ಹೆಚ್ಚು ಶಿಫ್ಟ್ ಬೇಡ ಅನ್ನುವ ಹುಡುಗರನ್ನು ಸೋಮಾರಿಗಳು ಅನ್ನುವವರಿದ್ದಾರೆ. ಲೆಕ್ಕ ಹಾಕಿ ನೋಡಿದರೆ ಆ ಹುಡುಗರದೇ ಸರಿ, ನಿಯಮವೇ ವಕ್ರ.

ದುಡ್ಡಿನಷ್ಟೇ ಕಾಡುವುದು ಪತ್ರಗಳು. ಕಂದು ಬಣ್ಣದ ಕವರ್ ಬಂದರೆ ಹೆದರಿ ಡ್ರಾಯರಿಗೆ ತುರುಕುತ್ತಾರೆ. ಒಳಗಿರುವುದು ಎಷ್ಟೋ ಸಲ ಒಂದು ಫೋನ್ ಕರೆಯಲ್ಲಿ ಮುಗಿಯುವ ವಿಷಯ. ಒಂಟಿತನಕ್ಕೆ ಗೆಳೆಯರನ್ನು ಕರೆದು ಗಲಾಟೆಯಾಗಿ ಮನೆ ಹೋದದ್ದೂ ಇದೆ. ನಿನ್ನಂಥ ಗೆಳೆಯ ಬೇಕಾಗುವುದು ಇಲ್ಲಿ. ವಾರಕ್ಕೊಮ್ಮೆ ಹೋಗಿ ಕವರ್ ಒಡೆದು ಜೊತೆಗೆ ಓದು. ಬಾಡಿಗೆ ಹೋಯಿತಾ ಅಂತ ಕೇಳು. ಉತ್ತರ ಬರದಿದ್ದರೂ ಮೆಸೇಜ್ ಹಾಕುತ್ತಿರು. ಗ್ಯಾರಂಟರ್ ಅಂತ ಮಾತ್ರ ಸಹಿ ಹಾಕಬೇಡ. ಅವನು ಬಾಡಿಗೆ ಕಟ್ಟದಿದ್ದರೆ ಅದು ನಿನ್ನ ಸಾಲವಾಗುತ್ತದೆ. ಬದಲಿಗೆ ಡಿಪಾಸಿಟ್‌ಗೆ ನೆರವಾಗುವ ಸ್ಕೀಮ್ ಇದೆಯಾ ಅಂತ ಕೌನ್ಸಿಲ್‌ನಲ್ಲಿ ವಿಚಾರಿಸಿ, ಕೆಲವು ಕಡೆ ಇರುತ್ತದೆ.

ಇಂಥ ಸಂಸ್ಥೆಯಲ್ಲಿ ನಾನೂ ಕೈ ಜೋಡಿಸಬಹುದಾ ಅಂತ ಕೊನೆಗೆ ಕೇಳಿದ್ದೀಯ. ಜೋಡಿಸಬಹುದು. ಆದರೆ ಸೇರುವ ಮೊದಲು ಅದು ‘ವಾಲಂಟಿಯರಿಂಗ್’ ಆ ‘ವಾಲಂಟರಿ ವರ್ಕ್’ ಆ ಅಂತ ಬರವಣಿಗೆಯಲ್ಲಿ ಕೇಳಿಕೋ. ಎರಡನೆಯದು ಅಂದರೆ ಒಪ್ಪಂದ, ನಿಗದಿತ ಹೊಣೆ ಇರುವ ನೌಕರಿಯಂಥ ಕೆಲಸ. ಹಾಗಾದರೆ ಸಂಬಳ ಇಲ್ಲದಿದ್ದರೂ ನಿನ್ನ ವೀಸಾದ ವಾರದ ಗಂಟೆಗಳ ಮಿತಿಯೊಳಗೆ ಲೆಕ್ಕಕ್ಕೆ ಬರುತ್ತದೆ.