ಪ್ರತಿಕ್ರಿಯೆ: ಒಲೆಯ ಮುಂದೆಯೂ ದೇವರ ಜೊತೆ ಮಾತಾಡಬಹುದು

ಸಹೋದರಿ, ಬೆಳಿಗ್ಗೆ ಮಕ್ಕಳ ಡಬ್ಬಿ ಕಟ್ಟೋ ಗಡಿಬಿಡಿಯಲ್ಲಿ ಪ್ರಾರ್ಥನೆಗೆ ಮೊಣಕಾಲೂರೋಕೂ ಪುರುಸೊತ್ತಿಲ್ಲ, ಹೀಗಿರುವಾಗ ದೇವರನ್ನು ಸ್ನೇಹಿತ ಅನ್ನೋ ಹಕ್ಕು ನನಗಿದೆಯಾ ಅಂತ ಕೇಳಿದ್ದೀರಿ. ಇದೆ. ಆ ಹೆಸರು ಕೊಟ್ಟವರು ನಾವಲ್ಲವಲ್ಲ. ನೀವು ಆಳುಗಳಲ್ಲ, ಸ್ನೇಹಿತರು ಅಂತ ಯೇಸುಸ್ವಾಮಿಯೇ ಶಿಷ್ಯರಿಗೆ ಹೇಳಿದ್ದು ಬೈಬಲಿನ ಯೋಹಾನ 15:15ರಲ್ಲಿದೆ. ಸ್ನೇಹಿತರು ಅನ್ನಿಸಿಕೊಂಡ ಅದೇ ರಾತ್ರಿ ಆ ಶಿಷ್ಯರು ಆತನನ್ನು ಬಿಟ್ಟು ಓಡಿಹೋದರು, ನೆನಪಿರಲಿ.

17ನೇ ಶತಮಾನದಲ್ಲಿ ಪ್ಯಾರಿಸಿನ ಕಾರ್ಮೆಲ್ ಅನ್ನೋ ಕ್ರೈಸ್ತ ಸನ್ಯಾಸಿ ಸಂಘದ ಮಠದಲ್ಲಿ ಬ್ರದರ್ ಲಾರೆನ್ಸ್ ಅಂತ ಒಬ್ಬರಿದ್ದರು. ಅಡುಗೆ ಕೆಲಸ ಅಂದರೆ ಅವರಿಗೆ ಆಗುತ್ತಿರಲಿಲ್ಲ, ಆದರೂ ವರ್ಷಗಟ್ಟಲೆ ಆ ಅಡುಗೆಮನೆಯಲ್ಲೇ ದುಡಿದರು. ಬಾಣಲೆಯಲ್ಲಿ ಆಮ್ಲೆಟ್ ಮಗುಚುವುದನ್ನೂ ದೇವರ ಮೇಲಿನ ಪ್ರೀತಿಗಾಗಿ ಮಾಡುತ್ತೇನೆ ಅನ್ನುತ್ತಿದ್ದರು. ಮನಸ್ಸು ಆಚೀಚೆ ಹೋದರೆ ತಪ್ಪೊಪ್ಪಿಕೊಂಡು ಮತ್ತೆ ಆತನ ಕಡೆ ತಿರುಗುತ್ತಿದ್ದರು, ಕೊರಗುತ್ತಾ ಕೂರುತ್ತಿರಲಿಲ್ಲ. ನನಗೆ ತುಂಬಾ ಹಿಡಿಸಿದ್ದು ಇದೇ.

ನಾನು ಹಂಚಿಗೆ ದೋಸೆ ಹುಯ್ದು ಅದು ಬೇಯೋವಷ್ಟು ಹೊತ್ತು ಮನೆಯ ಒಬ್ಬೊಬ್ಬರ ಹೆಸರು ಹಿಡಿದು ಆತನ ಜೊತೆ ಮಾತಾಡ್ತೀನಿ. ಮೂರು ದೋಸೆ, ಮೂರು ಹೆಸರು. ನಿನ್ನೆ ಮಗನ ಮೇಲೆ ರೇಗಿದ್ದನ್ನೂ ಹೇಳಿಕೊಂಡೆ. ನೀವೂ ನಾಳೆ ಡಬ್ಬಿಯ ಮುಚ್ಚಳ ಹಾಕುವಾಗ ಒಂದು ಮಾತು ಶುರು ಮಾಡಿ. ಹಾಗಂತ ಭಾನುವಾರದ ಆರಾಧನೆ ಮಾತ್ರ ಬಿಡಬೇಡಿ.