ಗಂಡು ಹುಡುಗನಿಗೆ ಹೀಗಾದರೆ ದೂರು ಕೊಡಬಹುದಾ?

ನಿಮ್ಮ ಅಕ್ಕನ ಮಗನಿಗೆ 16 ವರ್ಷ. ಬೆಂಗಳೂರಿಗೆ ಬೇಕರಿ ಕೆಲಸಕ್ಕೆ ಹೋದವನು ಆರೇ ತಿಂಗಳಿಗೆ ವಾಪಸ್ ಬಂದಿದ್ದಾನೆ, ಅಲ್ಲಿ ಯಾರೋ ಮೈಮೇಲೆ ಕೈ ಹಾಕಿದ್ದಾರೆ ಅನ್ನುವ ಅನುಮಾನ, ಅವನು ಬಾಯಿ ಬಿಡುತ್ತಿಲ್ಲ. ಹುಡುಗರಿಗೂ ಕಾನೂನು ಇದೆಯಾ ಅಂತ ಕೇಳಿದ್ದೀರಿ.

ಇದೆ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡಲು ಇರುವ 2012ರ ಪೋಕ್ಸೋ ಕಾಯ್ದೆಯಲ್ಲಿ ಮಗು ಅಂದರೆ 18 ತುಂಬದ ಯಾರೇ ಆಗಲಿ. ಹುಡುಗ, ಹುಡುಗಿ ಅನ್ನುವ ಭೇದವಿಲ್ಲ. ಆದರೆ ಅದಕ್ಕೂ ಮೊದಲು ನನ್ನ ಕತೆ ಸ್ವಲ್ಪ ಕೇಳಿ.

ನಾನು ಸಾಗರದ ಕಡೆಯವನು. ಒಂದು ಮಳೆಗಾಲ ಕೊಳೆರೋಗಕ್ಕೆ ತೋಟದ ಅಡಿಕೆಯೆಲ್ಲ ಉದುರಿತು. ಪರಿಚಯದವನೊಬ್ಬ ಅಪ್ಪನ ಕೈಗೆ ಮುಂಗಡ ಕೊಟ್ಟು ನನ್ನನ್ನು ಹೋಟೆಲ್ ಕೆಲಸಕ್ಕೆ ಕರೆದುಕೊಂಡು ಹೋದ. ಅಕ್ಕ ಪೇಟೆಗೆ ಹೊರಟರೆ ಜೊತೆಗೆ ಯಾರು, ಯಾವ ಬಸ್ಸಿಗೆ ವಾಪಸ್ ಅಂತ ನೂರು ಸಲ ಕೇಳುವ ಮನೆ ನಮ್ಮದು. ನಾನು ಹೊರಟಾಗ ಆ ಹೋಟೆಲ್ ಯಾವ ರಸ್ತೆಯಲ್ಲಿದೆ ಅಂತಲೂ ಯಾರೂ ಕೇಳಲಿಲ್ಲ. ಗಂಡು ಹುಡುಗ, ಅಲ್ವಾ? ಅಲ್ಲಿ ನಡೆದದ್ದನ್ನು ಇಲ್ಲಿ ಬರೆಯುವುದಿಲ್ಲ.

ತಿರುಗಿ ಬಂದಮೇಲೆ ಎಲ್ಲರೂ ಎದುರಿಗೆ ಕೂರಿಸಿಕೊಂಡು ಕೇಳಿದರು. ನಾಲಿಗೆ ಏಳಲಿಲ್ಲ. ಕೊನೆಗೆ ಹೇಳಿದ್ದು ಚಿಕ್ಕಮ್ಮನ ಹತ್ತಿರ, ಮುಂದಿನ ಕೊಯ್ಲಿನಲ್ಲಿ, ರಾತ್ರಿ ಅಡಿಕೆ ಸುಲಿಯುವಾಗ. ಮೆಟ್ಟುಗತ್ತಿಯ ಮುಂದೆ ಕೂತರೆ ಕಣ್ಣು ಕೈಮೇಲೇ ಇರಬೇಕು, ಇನ್ನೊಬ್ಬರ ಮುಖ ನೋಡುವ ಹಾಗಿಲ್ಲ. ಅದೇ ನನಗೆ ಅನುಕೂಲವಾಯಿತು. ಯಾಕೆ ತಿರುಗಿ ಹೊಡೆಯಲಿಲ್ಲ ಅಂತ ಚಿಕ್ಕಮ್ಮ ಕೇಳಲಿಲ್ಲ. "ನಿಂದು ತಪ್ಪಿಲ್ಲೆ ಮಾಣಿ" ಅಂದರು, ಸುಲಿಯುವುದನ್ನು ಮಾತ್ರ ನಿಲ್ಲಿಸಲಿಲ್ಲ.

ನೀವೂ ಕೆದಕಬೇಡಿ. ಸುಮ್ನೆ ಯಾವುದಾದರೂ ಕೆಲಸಕ್ಕೆ ಜೊತೆಗೆ ಕರೆದುಕೊಳ್ಳಿ. ಆದರೆ "ಯಾರಿಗೂ ಹೇಳುವುದಿಲ್ಲ" ಅಂತ ಮಾತು ಕೊಡಬೇಡಿ. ಇಂಥದ್ದು ಗೊತ್ತಾದವರು ತಿಳಿಸಲೇಬೇಕು ಅನ್ನುತ್ತದೆ ಅದೇ ಕಾಯ್ದೆ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬಹುದು, ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೂ ಹೋಗಬಹುದು. ಹೇಳಿಕೆಯನ್ನು ಮನೆಯಲ್ಲೇ ಪಡೆಯಬಹುದು, ಆಗ ಪೊಲೀಸರು ಸಮವಸ್ತ್ರದಲ್ಲಿ ಇರುವಂತಿಲ್ಲ. ಹುಡುಗನ ಹೆಸರು ಪೇಪರಿನಲ್ಲಿ ಬರುವಂತಿಲ್ಲ. ರಾತ್ರಿ ನಿದ್ದೆ ಇಲ್ಲದೆ ಒದ್ದಾಡುತ್ತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ವೈದ್ಯರನ್ನೇ ಕಾಣಬೇಕೆಂದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಇದೆ.

ಇನ್ನು, ಕೆಲಸ ಕೊಡಿಸಿದವನ ವಿಷಯ. ಇದನ್ನು ಎಲ್ಲರೂ ಮರೆಯುತ್ತಾರೆ. ಸುಳ್ಳು ಹೇಳಿ, ಆಸೆ ತೋರಿಸಿ ಶೋಷಣೆಗೆ ಸಾಗಿಸಿದ್ದರೆ ಅದು ಮಾನವ ಕಳ್ಳಸಾಗಣೆ. ಈಗಿನ ಭಾರತೀಯ ನ್ಯಾಯ ಸಂಹಿತೆಯ 143ನೇ ಸೆಕ್ಷನ್ ಹೇಳುವುದು ಇದನ್ನೇ. ಹುಡುಗ ತಾನಾಗಿ ಒಪ್ಪಿಕೊಂಡೇ ಹೋದ ಅನ್ನುವ ನೆಪ ಅಲ್ಲಿ ನಡೆಯುವುದಿಲ್ಲ. ನಮ್ಮ ಮನೆಯವರು ಮರ್ಯಾದೆಗೆ ಅಂಜಿ ದೂರು ಕೊಡಲಿಲ್ಲ. ಮರುವರ್ಷ ಅದೇ ಮನುಷ್ಯ ಪಕ್ಕದ ಊರಿಂದ ಇನ್ನಿಬ್ಬರನ್ನು ಬಸ್ಸು ಹತ್ತಿಸಿದ.

ಅವನ ನಂಬರು, ವಾಟ್ಸಾಪ್ ಮಾತು, ದುಡ್ಡು ಕಳಿಸಿದ ಲೆಕ್ಕ ಹುಡುಗನ ಫೋನಿನಲ್ಲಿ ಇರಬಹುದು. ಸಿಟ್ಟಿಗೆ ಯಾರೂ ಅಳಿಸದ ಹಾಗೆ ನೋಡಿಕೊಳ್ಳಿ.